ರೊಟ್ಟಿ ತಟ್ಟುವ ಕೈಯ ಹಚ್ಚೆ

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಹಿಂದಿನ ದಿನ ಮಧ್ಯಾಹ್ನದಿಂದಲೇ ದೇವಿರಮ್ಮ ಬಾಯಿಗೆ ತೊಟ್ಟು ನೀರು ಹಾಕುತ್ತಿರಲಿಲ್ಲ. ತಲೆಗೆ ನೀರು ಹುಯ್ದುಕೊಂಡು, ಒಗೆದ ಸೀರೆ ಉಟ್ಟು, ಅಟ್ಟದಿಂದ ಒಂದು ಹೆಂಚು ಇಳಿಸುತ್ತಿದ್ದಳು. ಆ ಹೆಂಚಿನ ಮೇಲೆ ಮನೆಯ ಹೊಟ್ಟೆಗೆಂದು ಒಂದೇ ಒಂದು ದೋಸೆ ಹುಯ್ದವಳಲ್ಲ. ಗೋಧಿ ಹಿಟ್ಟು, ನೀರು, ಒಂದು ಚಮಚ ಎಣ್ಣೆ. ಹುಳಿಯಿಲ್ಲ, ಉಪ್ಪಿಲ್ಲ. ಲಟ್ಟಣಿಗೆ ಮುಟ್ಟದೆ ಅಂಗೈಯಲ್ಲೇ ತಟ್ಟಿ ಆರು ರೊಟ್ಟಿ ಬೇಯಿಸುವುದು, ಒಣದ್ರಾಕ್ಷಿ ಕುದಿಸಿ ಹಿಂಡಿ ಒಂದು ತಂಬಿಗೆ ರಸ ತೆಗೆಯುವುದು. ಬೆಳಿಗ್ಗೆ ಅದನ್ನೆಲ್ಲ ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ದಟ್ಟಗಳ್ಳಿಯ ಮೂರು ರಸ್ತೆ ದಾಟಿ, ಹಾರ್ಡ್‌ವೇರ್ ಅಂಗಡಿಯ ಮೇಲಿದ್ದ ಕೃಪಾದ್ವಾರ ಸಭೆಯ ಮೆಟ್ಟಿಲು ಹತ್ತುವಾಗ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಯಾರಾದರೂ ಅಡ್ಡ ಬಂದರೆ ಕಣ್ಣಲ್ಲೇ ಸರಿಸುತ್ತಿದ್ದಳು.

ನಲವತ್ತು ಮನೆಯ ಸಣ್ಣ ಸಭೆ ಅದು. ಅದರಲ್ಲಿ ದೇವಿರಮ್ಮನಿಗೆ ಹದಿನೆಂಟು ವರ್ಷದಿಂದ ಇದ್ದ ಸ್ಥಾನ ಇದೊಂದೇ. ಓದು ಬಾರದು, ಹಾಡಿದರೆ ರಾಗ ಕೂರದು, ಕಾಣಿಕೆ ಹಾಕಲು ಕೈಯಲ್ಲಿ ಕಾಸಿಲ್ಲ. ಆದರೆ ಪಾದ್ರಿಯ ಮಗನಿರಲಿ, ಪೊಲೀಸ್ ಪೇದೆಯಿರಲಿ, ತಿಂಗಳಿಗೊಮ್ಮೆ ಅವಳ ಕೈಯಿಂದ ಬಂದದ್ದನ್ನು ಕಣ್ಣು ಮುಚ್ಚಿ ತಿನ್ನಬೇಕಿತ್ತು.

ಆ ಕೈಯ ಕಥೆ ಸ್ವಲ್ಪ ಹೇಳಬೇಕು. ದೇವಿರಮ್ಮ ಹುಟ್ಟಿದ್ದು ನಂಜನಗೂಡಿನ ಆಚೆಯ ಒಂದು ಒಕ್ಕಲು ಮನೆಯಲ್ಲಿ. ಹನ್ನೊಂದರ ವಯಸ್ಸಿಗೆ ಹಚ್ಚೆ ಹುಯ್ಯುವ ಹೆಂಗಸನ್ನು ಜಗಲಿಗೆ ಕರೆಸಿ, ಇಬ್ಬರು ಸೋದರತ್ತೆಯರು ಹುಡುಗಿಯ ಹೆಗಲು ಅದುಮಿ ಹಿಡಿದು, ಮೊಣಕೈಯಿಂದ ಮಣಿಕಟ್ಟಿನವರೆಗೆ ಚುಕ್ಕಿ ರಂಗೋಲಿಯಂಥ ಹಚ್ಚೆ ಹುಯ್ಯಿಸಿದರು. ಮೂರು ದಿನ ಜ್ವರ ಬಂತು. ಹಚ್ಚೆಯಿಲ್ಲದ ಕೈಯಿಂದ ಗಂಡನ ಮನೆಯವರು ನೀರು ಇಸಕೊಳ್ಳುವುದಿಲ್ಲ ಎಂದು ಅವ್ವ ಹೇಳಿದ್ದು ನಿಜವೇ. ಮದುವೆಯಾದ ದಿನ ಅತ್ತೆ ಮೊದಲು ತೋಳು ತಿರುಗಿಸಿ ನೋಡಿ, ಆಮೇಲೆ ಚೊಂಬು ಇಸಕೊಂಡಳು. ಅವಳ ಇಪ್ಪತ್ತಾರಕ್ಕೆ ಗಂಡ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತ. ಅಂದಿನಿಂದ ಅದೇ ಅತ್ತೆ ಅದೇ ಕೈಯ ನೀರು ಮುಟ್ಟಲಿಲ್ಲ. ತಮ್ಮನ ಮದುವೆಯಲ್ಲಿ ಅಕ್ಕಿ ಆರಿಸಲು ಕೂತವಳನ್ನು, ‘ನೀನು ಏಳವ್ವ, ಒಳ್ಳೆ ಕೆಲಸ’ ಎಂದು ಹೆತ್ತ ತಾಯಿಯೇ ಎಬ್ಬಿಸಿದಳು.

ಮೈಸೂರಿಗೆ ಬಂದು ಮೆಸ್ಸಿನಲ್ಲಿ ಪಾತ್ರೆ ತಿಕ್ಕಿದಳು. ಆಮೇಲೆ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರ ಮನೆಯೊಂದರಲ್ಲಿ ಚಪಾತಿ ಮಾಡುವ ಕೆಲಸ ಹಿಡಿದಳು. ಅಲ್ಲಿನ ಹೆಂಗಸರಿಗೆ ಕತ್ತಿನಿಂದ ಪಾದದವರೆಗೂ ಹಚ್ಚೆ. ಇವಳ ತೋಳು ಹಿಡಿದು ಸವರಿ ಫೋಟೋ ತೆಗೆಯುತ್ತಿದ್ದರು. ‘ಕಾಸು ಕೊಟ್ಟು ಚುಚ್ಚಿಸ್ಕೊಂಡವ್ರೆ, ಬುದ್ಧಿಯಿಲ್ಲದವ್ರು’ ಎಂದು ದೇವಿರಮ್ಮ ಒಳಗೊಳಗೇ ನಗುತ್ತಿದ್ದಳು.

ಟೈಫಾಯ್ಡ್ ಹಿಡಿದು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಪಕ್ಕದ ಹಾಸಿಗೆಗೆ ಪ್ರಾರ್ಥನೆ ಮಾಡಲು ಬಂದ ಸಭೆಯ ಪಾದ್ರಿ ಶಿವಲಿಂಗಯ್ಯ ಅಯ್ಯನೋರು ಇವಳ ಹಾಸಿಗೆಗೂ ಬಂದರು. ದೀಕ್ಷಾಸ್ನಾನವಾಗಿ ಕ್ರೈಸ್ತರಾದ ಮೇಲೂ ಅಪ್ಪ ಇಟ್ಟ ಹೆಸರನ್ನು ಬದಲಿಸದ ಮನುಷ್ಯ. ಕೇಳಿದರೆ, ‘ಹೆಸರು ಬದಲಾಯಿಸಿದ್ರೆ ದೇವ್ರಿಗೆ ನನ್ನ ಗುರುತು ಸಿಗಲ್ವೇನೋ ಅಂತ ಭಯ’ ಎನ್ನುತ್ತಿದ್ದರು. ದೇವಿರಮ್ಮ ಸಭೆಗೆ ಸೇರಿದ ವರ್ಷವೇ ಅವರು ಹಿಟ್ಟಿನ ಡಬ್ಬ ತಂದು ಅವಳ ಮುಂದಿಟ್ಟರು.

‘ಅಯ್ಯನೋರೇ, ನಾನು ಮುಂಡೆ ಕಣ್ರೀ.’

‘ಆ ಪದ ನಮ್ಮ ಒಲೆ ಮೇಲೆ ಬೇಯಲ್ಲ ಬುಡಮ್ಮ. ಹಿಟ್ಟು ಕಲಸು.’

ಆ ದಿನ ಅವಳು ಅತ್ತ ಹಾಗೆ ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಹಚ್ಚೆಯ ಮಾತು ಆಗಲೇ ಒಮ್ಮೆ ಬಂದಿತ್ತು. ಯಾರೋ ಬೈಬಲಿನ ಯಾಜಕಕಾಂಡ ತೆಗೆದು, ಮೈಮೇಲೆ ಹಚ್ಚೆ ಕೂಡದು ಎಂದು ಮೋಶೆಯ ಕಾಲದಲ್ಲೇ ಬರೆದಿದೆಯಲ್ಲ ಎಂದರು. ಅಯ್ಯನೋರು ಪುಸ್ತಕ ಮುಚ್ಚಿ ಹೇಳಿದರು: ‘ಐಗುಪ್ತದ ಗುಲಾಮಗಿರಿಯಿಂದ ಹೊರಗೆ ಬಂದ ಜನ ಆಗತಾನೇ ಹೆತ್ತ ಬಾಣಂತಿ ಇದ್ದಂಗೆ. ತಣ್ಣೀರು ಮುಟ್ಟಬೇಡ, ಕಿವಿ ಕಟ್ಟಿಕೋ, ಅದು ತಿನ್ನಬೇಡ ಅಂತ ದೇವರು ಪಥ್ಯ ಹೇಳಿದ. ಜೀವ ಉಳಿಸೋಕೆ ಹೇಳಿದ. ಆ ಕೂಸು ಬೆಳೆದು ಮೊಮ್ಮಕ್ಕಳ ಮದುವೆ ಆಗ್ತಾ ಇರುವಾಗಲೂ ಕಿವಿ ಕಟ್ಟಿಕೊಂಡು ಮೂಲೇಲಿ ಕೂತ್ಕೋ ಅಂತಾನಾ? ಯೇಸುಸ್ವಾಮಿ ಬಂದಿದ್ದು ಬಾಣಂತೀನ ಎಬ್ಬಿಸೋಕೆ.’ ಪಥ್ಯ ಹೇಳಿದವನು ಸುಳ್ಳನಲ್ಲ, ಪಥ್ಯ ಬಿಟ್ಟವಳು ಕೆಟ್ಟವಳಲ್ಲ. ದೇವಿರಮ್ಮನಿಗೆ ಅಷ್ಟು ಸಾಕಾಯಿತು.

ಅಯ್ಯನೋರು ತೀರಿಕೊಂಡು ಎರಡು ವರ್ಷ. ಬೇರೆ ಪಾದ್ರಿ ಯಾರೂ ಆ ಬಡ ಸಭೆಗೆ ಬರಲಿಲ್ಲ. ವೇದಿಕೆಯನ್ನು ಸಭೆಯ ಹಿರಿಯ ಏಕಾಂತಯ್ಯ ಹಿಡಿದರು. ಮೂವತ್ತೈದು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದಿನಾ ಬೆಳಿಗ್ಗೆ ಆರಕ್ಕೆ ಕನ್ನಡಿಯ ಮುಂದೆ ಕೂತು ಕೆನ್ನೆ ಮಿರುಗುವಂತೆ ಕ್ಷೌರ ಮಾಡಿಕೊಳ್ಳುವವರು. ಲಂಚ ಮುಟ್ಟಿದವರಲ್ಲ, ಒಬ್ಬರ ಕಡತವನ್ನೂ ದಯೆಯಿಂದ ಮುಂದೆ ತಳ್ಳಿದವರೂ ಅಲ್ಲ. ಸತ್ಯವೇದವನ್ನೂ ಅವರು ಕಚೇರಿಯ ಕಡತದಂತೆಯೇ ಓದಿದ್ದರು.

‘ಹೊಸ ಆದೇಶ ಬಂದ ಮಾತ್ರಕ್ಕೆ ಹಳೇ ಆದೇಶ ಬಿದ್ದುಹೋಗಲ್ಲ,’ ಎಂದು ಬೋಧಿಸಿದರು. ‘ಯಾವ ಕಲಮನ್ನ ಹೆಸರು ಹಿಡಿದು ರದ್ದು ಮಾಡಿದಾರೋ ಅದು ಮಾತ್ರ ರದ್ದು. ಮಿಕ್ಕಿದ್ದು ಊರ್ಜಿತ. ಬಲಿ ಕೊಡೋದು ಶಿಲುಬೆ ಮೇಲೆ ರದ್ದಾಯ್ತು. ಸುನ್ನತಿ, ಸ್ವಾಮಿಯ ಶಿಷ್ಯರಾದ ಅಪೊಸ್ತಲರು ಯೆರೂಸಲೇಮಿನಲ್ಲಿ ಮೀಟಿಂಗ್ ಕೂತು ರದ್ದು ಮಾಡಿದ್ರು. ಹಂದಿ ಮಾಂಸ, ಪೇತ್ರನಿಗೆ ದರ್ಶನ ಆಯ್ತು, ರದ್ದು. ಮಿಕ್ಕಿದ್ದಕ್ಕೆ ರದ್ದು ಆದೇಶ ಎಲ್ಲಿದೆ ತೋರಿಸಿ. ಧರ್ಮಶಾಸ್ತ್ರವನ್ನ ಅಳಿಸೋಕೆ ಬಂದಿಲ್ಲ ಅಂತ ಸ್ವಾಮಿಯೇ ಹೇಳಿದಾರೆ.’

ಹಂದಿ ರದ್ದು ಪಟ್ಟಿಯಲ್ಲಿದ್ದುದರಿಂದ ಸಭೆಗೆ ಸಮಾಧಾನವಾಯಿತು. ಕ್ರಿಸ್‌ಮಸ್ ಊಟಕ್ಕೆ ಅಡ್ಡಿಯಿಲ್ಲ.

ಜನವರಿಯಿಂದ ಯಾಜಕಕಾಂಡವನ್ನು ಸಾಲು ಬಿಡದೆ ಓದುತ್ತ ಬಂದವರು ಜೂನ್ ತಿಂಗಳಲ್ಲಿ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬಂದು ನಿಂತರು. ಆ ಭಾನುವಾರ ಆರಾಧನೆ ಮುಗಿದ ಮೇಲೆ ದೇವಿರಮ್ಮನನ್ನು ಕರೆದರು.

‘ದೇವಿರಮ್ಮನೋರೇ, ತೋಳು ತೋರಿಸಿ.’

ತೋರಿಸಿದಳು. ಅವರು ಮುಟ್ಟಲಿಲ್ಲ. ಕನ್ನಡಕ ಸರಿಮಾಡಿಕೊಂಡು, ತಿದ್ದಿದ ಕಾಗದ ನೋಡುವಂತೆ ನೋಡಿದರು.

‘ಇದಕ್ಕೆ ರದ್ದು ಆದೇಶ ಇಲ್ಲ. ಅಪೊಸ್ತಲರು ಸಭೆಗಳಿಗೆ ಬರೆದ ಪತ್ರಿಕೆಗಳನ್ನೆಲ್ಲ ಹುಡುಕಿದೆ. ಈ ಕೈಯಿಂದ ರೊಟ್ಟಿ ಆಗಕೂಡದು.’

‘ನಾನು ಆಗ ಅನ್ನೊಂದು ವರ್ಷದ ಕೂಸು ಸ್ವಾಮಿ. ಇಬ್ರು ಅದುಮಿ ಇಡ್ಕೊಂಡು ಹುಯ್ಸಿದ್ರು. ನಂಗೆ ಯೇಸಪ್ಪ ಯಾರು ಅಂತಾನೇ ಗೊತ್ತಿರಲಿಲ್ಲ.’

‘ಗೊತ್ತಿಲ್ಲದೆ ಮಾಡಿದ್ದಕ್ಕೆ ಕ್ಷಮೆ ಇದೆ. ಕ್ಷಮಿಸಿದೀನಿ. ಆದರೆ ಹಚ್ಚೆ ಇನ್ನೂ ಕೈಮೇಲಿದೆಯಲ್ಲ?’

‘ಶಿವಲಿಂಗಯ್ಯ ಅಯ್ಯನೋರು ಬಾಣಂತಿ ಪಥ್ಯ ಅಂತ…’

‘ಅಯ್ಯನೋರು ದೊಡ್ಡ ಮನಸ್ಸಿನೋರು,’ ಎಂದು ಏಕಾಂತಯ್ಯ ಪುಸ್ತಕ ಚೀಲಕ್ಕೆ ಹಾಕಿಕೊಂಡರು. ‘ಅವರು ಇನ್ನಿಲ್ಲ. ಮುಂದಿನ ತಿಂಗಳಿಂದ ಸುಮಾ ಮಾಡ್ತಾಳೆ. ಅವಳ ಕೈ ಸ್ವಚ್ಛ ಇದೆ.’

ಸುಮಾ ದೇವಿರಮ್ಮನ ವಠಾರದಲ್ಲೇ, ಗೋಡೆಯಾಚೆಯ ಮನೆಯಲ್ಲಿದ್ದವಳು. ಇಪ್ಪತ್ತೊಂಬತ್ತರ ಹೆಂಗಸು. ಸಿದ್ಧಾರ್ಥನಗರದ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಆರು ವರ್ಷದ ಮಗಳು ಅನನ್ಯ. ಗಂಡ ದುಬೈಯಲ್ಲಿದ್ದಾನೆ ಎಂದು ವಠಾರಕ್ಕೂ ಸಭೆಗೂ ಹೇಳಿಕೊಂಡಿದ್ದಳು. ಸಂಜೆ ಕೆಲಸದಿಂದ ಬಂದು, ಮಗಳನ್ನು ದೇವಿರಮ್ಮನ ಮಡಿಲಿಗೆ ಹಾಕಿ, ಎರಡು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದಳು. ದೇವಿರಮ್ಮನಿಗೆ ತಿಳಿದಿದ್ದ ಸತ್ಯವೇದವೆಲ್ಲ ಆ ದನಿಯಲ್ಲಿ ಬಂದದ್ದೇ.

ಹಿಂದಿನ ವರ್ಷ ಒಂದು ಸಂಜೆ ಧರ್ಮೋಪದೇಶಕಾಂಡ ಓದುತ್ತಿದ್ದವಳು ಒಂದು ವಚನದ ನಡುವೆ ನಿಂತುಬಿಟ್ಟಿದ್ದಳು. ಹಾದರಕ್ಕೆ ಹುಟ್ಟಿದವರು ದೇವರ ಸಭೆ ಸೇರಕೂಡದು, ಅವರ ಹತ್ತನೆಯ ತಲೆಮಾರೂ ಸೇರಕೂಡದು ಎಂಬ ವಚನ. ಪುಸ್ತಕ ಮುಚ್ಚಿ ಅತ್ತಳು. ‘ದುಬೈ ಅನ್ನೋದೆಲ್ಲ ಸುಳ್ಳು ಅಮ್ಮ. ಅವನಿಗೆ ಹೆಂಡ್ತಿ, ಮಕ್ಕಳು ಎಲ್ಲ ಇದ್ರು. ನಂಗೆ ಗೊತ್ತಾಗೋ ಹೊತ್ತಿಗೆ ಇವಳು ಹೊಟ್ಟೇಲಿದ್ಲು.’ ದೇವಿರಮ್ಮ ಅವಳ ತಲೆಯನ್ನು ಎದೆಗೊತ್ತಿಕೊಂಡು, ‘ಅದು ಬಾಣಂತಿ ಪಥ್ಯ ಕಣವ್ವ, ನಿಂಗಲ್ಲ’ ಎಂದಿದ್ದಳು. ಆ ಮಾತು ಇಬ್ಬರ ನಡುವೆ ಮುಗಿದಿತ್ತು.

ಈಗ ಸುಮಾ ಓಡಿ ಬಂದಳು. ‘ನಾನು ಒಲ್ಲೆ ಅಂದೆ ಅಮ್ಮ. ಅವರು ಬಿಡ್ಲಿಲ್ಲ. ನೀವೇ ಮಾಡಿಕೊಡಿ, ನಾನು ಎತ್ಕೊಂಡು ಹೋಗ್ತೀನಿ. ಯಾರಿಗೆ ಗೊತ್ತಾಗುತ್ತೆ?’

‘ದೇವ್ರಿಗೆ ಕದ್ದು ರೊಟ್ಟಿ ತಟ್ಲಾ?’ ಎಂದಳು ದೇವಿರಮ್ಮ. ‘ಎಲ್ಲಿ, ಆ ವಚನ ಓದು. ಅದರ ಮುಂಚಿನದ್ದೂ ಓದು.’

ಸುಮಾ ಓದಿದಳು. ಹಚ್ಚೆ ಕೂಡದು ಎಂಬುದಕ್ಕೆ ಒಂದೇ ವಚನ ಹಿಂದೆ, ಗಡ್ಡದ ಅಂಚು ಕತ್ತರಿಸಕೂಡದು ಎಂದಿತ್ತು. ಇನ್ನೂ ಹಿಂದೆ, ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಕೂಡದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದೇ ನಕ್ಕದ್ದು.

ಮುಂದಿನ ಭಾನುವಾರ ಎಲ್ಲರೂ ಟೀ ಕುಡಿಯುತ್ತ ನಿಂತಿದ್ದಾಗ ದೇವಿರಮ್ಮ ಲೋಟ ಕೆಳಗಿಟ್ಟು ಕೇಳಿದಳು. ‘ಏಕಾಂತಯ್ಯನೋರೇ, ನಿಮ್ಮ ಗಡ್ಡಕ್ಕೆ ರದ್ದು ಆದೇಶ ಯಾವ ಪತ್ರಿಕೆಯಾಗೆ ಅದೆ?’

ಆಟೋ ಓಡಿಸುವ ಮೂಗಯ್ಯ ಟೀ ನೆತ್ತಿಗೇರಿ ಕೆಮ್ಮಿದ. ‘ಅಂಗಿ ಬಟ್ಟೆ ಯಾವ್ದು ಅಂತಾನೂ ಕೇಳಮ್ಮ!’ ಎಂದ. ಸಭೆಯೆಲ್ಲ ನಕ್ಕಿತು. ಏಕಾಂತಯ್ಯ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೆನ್ನೆ ಒಮ್ಮೆ ಸವರಿಕೊಂಡು ಮೆಟ್ಟಿಲಿಳಿದು ಹೋದರು.

ಮನೆಗೆ ಬರುವಾಗ ದೇವಿರಮ್ಮನ ಎದೆ ಉಬ್ಬಿತ್ತು. ರೊಟ್ಟಿ ತನಗೇ ಬಂತೆಂದು ಹೆಂಚನ್ನು ಮತ್ತೆ ಒರೆಸಿಟ್ಟಳು.

ಆ ಮನುಷ್ಯನನ್ನು ಅವಳು ಸರಿಯಾಗಿ ಅಳೆದಿರಲಿಲ್ಲ. ತಪ್ಪು ತೋರಿಸಿದರೆ ನಾಚಿ ಬಿಡುವ ಜನ ಬೇರೆ. ಏಕಾಂತಯ್ಯ ಕಡತದ ಮನುಷ್ಯ, ಬಾಕಿ ಕಂಡರೆ ತೀರಿಸಿಬಿಡುವ ಜಾತಿ. ನಾಲ್ಕು ವಾರಕ್ಕೆ ಅವರ ಮುಖದ ತುಂಬ ಬಿಳಿ ಗಡ್ಡ. ಟೆರಿಕಾಟ್ ಅಂಗಿಗಳನ್ನೆಲ್ಲ ಬೀದಿ ಗುಡಿಸುವವರಿಗೆ ಕೊಟ್ಟು ಬರೀ ಹತ್ತಿಯ ಜುಬ್ಬ ಹಾಕಿ ಬಂದರು. ವೇದಿಕೆಯ ಮೇಲೆ ನಿಂತು ಮೆತ್ತಗೆ ಹೇಳಿದರು: ‘ನನ್ನ ತಪ್ಪನ್ನ ದೇವಿರಮ್ಮನೋರು ತೋರಿಸಿಕೊಟ್ಟರು. ಅವರಿಗೆ ವಂದನೆ. ನನ್ನ ಗಡ್ಡ ಬೆಳೀತು. ಇನ್ನು ಅವರ ಹಚ್ಚೆ ಯಾವಾಗ ಹೋಗುತ್ತೆ ಅಂತ ಸಭೆ ಪ್ರಾರ್ಥನೆ ಮಾಡ್ಲಿ.’

ಸಭೆ ಪ್ರಾರ್ಥನೆ ಮಾಡಿತು. ನಲವತ್ತು ಮನೆಯವರು ಕಣ್ಣು ಮುಚ್ಚಿ, ಅವಳ ಹೆಸರು ಹಿಡಿದು, ಅವಳ ತೋಳಿನ ಮೇಲೆ ದಯೆಯಿಡು ಎಂದು ಬೇಡಿದರು. ಹಿಂದಿನ ತಿಂಗಳು ನಕ್ಕವರೇ ಈಗ ಆಮೆನ್ ಎಂದರು. ಆ ದಿನದ ರೊಟ್ಟಿ ಸುಮಾಳದು. ಲಟ್ಟಣಿಗೆಯಲ್ಲಿ ಒತ್ತಿದ, ಹೂವಿನಂಥ ರೊಟ್ಟಿ. ತಟ್ಟೆ ದೇವಿರಮ್ಮನ ಮುಂದೆ ನಿಲ್ಲದೆ ಹೋಯಿತು. ಪಕ್ಕದಲ್ಲಿ ಕೂತವಳು, ‘ಎಷ್ಟು ಮೆತ್ತಗಿದೆ ಅಲ್ವಾ?’ ಎಂದಳು.

ಮರುದಿನ ಸುಮಾ ಕೆಲಸಕ್ಕೆ ಹೋದ ಮೇಲೆ ದೇವಿರಮ್ಮ ಬಾಗಿಲು ಹಾಕಿಕೊಂಡಳು. ಊರಲ್ಲಿ ಯಾರೋ ಸುಣ್ಣದಿಂದ ಹಚ್ಚೆ ತೆಗೆಸಿಕೊಂಡಿದ್ದರೆಂದು ಚಿಕ್ಕವಳಿದ್ದಾಗ ಕೇಳಿದ್ದಳು. ಸುಣ್ಣ ಕಲಸಿ, ಬಟ್ಟೆ ಒಗೆಯುವ ಸೋಡಾ ಬೆರೆಸಿ, ಮೊಣಕೈಯಿಂದ ಮಣಿಕಟ್ಟಿನವರೆಗೂ ಬಳಿದು, ಹಳೇ ಸೀರೆಯಲ್ಲಿ ಬಿಗಿದು ಕಟ್ಟಿದಳು. ಉರಿ ಹತ್ತಿದಾಗ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡಳು. ಬಿಚ್ಚಲಿಲ್ಲ. ಸಂಜೆ ಸುಮಾ ಬಾಗಿಲು ಬಡಿದು ಒಳಗೆ ಬಂದು ಕಟ್ಟು ಬಿಚ್ಚಿದಾಗ ಬಟ್ಟೆಯ ಜೊತೆ ಚರ್ಮವೂ ಬಂತು. ಅನನ್ಯ ಕಿರುಚಿದಳು.

‘ಏನ್ ಮಾಡ್ಕೊಂಡ್ರಿ ಅಮ್ಮ! ಯಾರಿಗೋಸ್ಕರ?’

‘ಓಯ್ತಾ ನೋಡು,’ ಎಂದಳು ದೇವಿರಮ್ಮ. ‘ಚುಕ್ಕಿ ಏನಾದ್ರೂ ಉಳ್ಕೊಂಡದಾ ನೋಡು.’

ಸುಮಾ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಿನಾ ಬೆಳಿಗ್ಗೆ ಕಟ್ಟು ಬಿಚ್ಚಿ ಕೀವು ಒರೆಸಿದಳು, ಬಾಯಿಗೆ ಅನ್ನ ಇಟ್ಟಳು, ತಲೆ ಬಾಚಿದಳು. ಹೆತ್ತ ಮಗಳೂ ಮಾಡದಷ್ಟು ಮಾಡಿದಳು. ದೇವಿರಮ್ಮ ಮಾತ್ರ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಒಣಗಿದ ಗೋಧಿ ಹಿಟ್ಟು ಇದೆಯೇ ಎಂದು.

ಅರೆವಾಸಿಯಾದ ತೋಳನ್ನು ಹೊತ್ತು ಏಕಾಂತಯ್ಯನ ಮುಂದೆ ನಿಂತಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

‘ಮೈಗೆ ಗಾಯ ಮಾಡ್ಕೋಬಾರದು ಅನ್ನೋದೂ ಅದೇ ವಚನದಲ್ಲೇ ಇದೆ, ಮೊದಲನೇ ಅರ್ಧ. ನೀವು ಅದನ್ನ ಕೇಳಿಸ್ಕೊಂಡಿಲ್ಲ. ಇರಲಿ. ಸುಟ್ಟ ಗಾಯಕ್ಕೆ ಹದಿಮೂರನೇ ಅಧ್ಯಾಯದಲ್ಲಿ ಕ್ರಮ ಇದೆ. ಏಳು ದಿನ ಸಭೆಗೆ ಬರಬೇಡಿ. ಏಳನೇ ದಿನ ಪರೀಕ್ಷೆ ಮಾಡ್ತೀನಿ. ಹರಡಿದ್ರೆ ಅಶುದ್ಧ. ಹರಡದೆ ಕಲೆಯಾಗಿ ನಿಂತಿದ್ರೆ ಶುದ್ಧ.’

ಏಳನೆಯ ದಿನದವರೆಗೆ ಅವಳು ಹೊಸ್ತಿಲು ದಾಟಲಿಲ್ಲ. ಅಂದು ಗಾಯ ಇನ್ನೂ ಹಸಿಯಿದೆ ಎಂದು ಕಳಿಸಿ, ಮತ್ತೂ ಏಳು ದಿನ ಬಿಟ್ಟು, ಏಕಾಂತಯ್ಯ ತಮ್ಮ ಮನೆಯ ಕಿಟಕಿಯ ಬೆಳಕಿಗೆ ಅವಳ ತೋಳು ಹಿಡಿಸಿ ಪರೀಕ್ಷಿಸಿದರು. ಹಚ್ಚೆಯಿರಲಿಲ್ಲ. ಇದ್ದ ಜಾಗದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂಥ ಚರ್ಮ ಸುಕ್ಕುಗಟ್ಟಿ, ಎರಡು ಬೆರಳು ಪೂರ್ತಿ ಮಡಚದಂತಾಗಿತ್ತು.

‘ಶುದ್ಧ,’ ಎಂದರು.

ದೇವಿರಮ್ಮನ ಕಣ್ಣು ತುಂಬಿತು. ‘ಅಂಗಾರೆ ಈ ಶನಿವಾರ ಇಟ್ಟು ಕಲಸ್ಲಾ?’

‘ಅದೆಂಗಾಗುತ್ತೆ? ಸುಮಾ ಚೆನ್ನಾಗಿ ಮಾಡ್ತಿದಾಳೆ. ಜಾಗ ಖಾಲಿ ಇಲ್ಲ ದೇವಿರಮ್ಮನೋರೇ. ಶುದ್ಧ ಆದ ಮಾತ್ರಕ್ಕೆ ಇದ್ದವಳನ್ನ ತೆಗೆಯೋಕೆ ಆಗುತ್ತಾ? ಅವಳ ಮೇಲೆ ಯಾವ ಆಕ್ಷೇಪಣೆಯೂ ಇಲ್ಲ.’

‘ಆಕ್ಷೇಪಣೆ ಇದ್ರೆ?’

‘ಇದ್ರೆ ನೋಡೋಣ,’ ಎಂದು ಏಕಾಂತಯ್ಯ ಬಾಗಿಲ ಕಡೆ ನೋಡಿದರು.

ಅಲ್ಲಿಂದ ಎದ್ದು ಬಂದಿದ್ದರೆ ದೇವಿರಮ್ಮನ ಬದುಕು ಬೇರೆಯೇ ಇರುತ್ತಿತ್ತು. ಆದರೆ ಅವಳು ಕುರ್ಚಿಯ ಮೇಲೆ ಹಾಗೇ ಕೂತಿದ್ದಳು. ಮಡಚದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತ ಕೇಳಿದಳು. ‘ಧರ್ಮೋಪದೇಶಕಾಂಡದಾಗೆ ಒಂದು ಮಾತದಲ್ಲ ಸ್ವಾಮಿ, ಆದರಕ್ಕೆ ಹುಟ್ಟಿದ ಕೂಸು ಸಭೆ ಸೇರಬಾರದು ಅಂತ. ಅದಕ್ಕೆ ರದ್ದು ಆದೇಶ ಅದಾ?’

ಏಕಾಂತಯ್ಯ ಕನ್ನಡಕ ಹಾಕಿಕೊಂಡರು. ಒಳಗೆ ಹೋಗಿ ಪುಸ್ತಕ ತಂದರು. ಬೆರಳಿಟ್ಟು ಓದಿದರು.

‘ಇಲ್ಲ,’ ಎಂದರು. ‘ಯಾಕೆ ಕೇಳಿದ್ರಿ?’

ಅವಳು ಹೇಳಿದಳು.

ಆ ಭಾನುವಾರ ಸುಮಾ ತಟ್ಟೆ ಹಿಡಿದು ಮುಂದೆ ಬಂದಾಗ ಏಕಾಂತಯ್ಯ ಕೈಯೆತ್ತಿ ತಡೆದರು. ತಟ್ಟೆ ಮೇಜಿನ ಮೇಲಿಡಲು ಹೇಳಿ, ನಿನ್ನ ಗಂಡ ದುಬೈಯಲ್ಲಿ ಯಾವ ಊರಿನಲ್ಲಿದ್ದಾನೆ, ಹೆಸರೇನು, ಮದುವೆ ಯಾವ ಸಭೆಯಲ್ಲಾಯಿತು ಎಂದು ಎಲ್ಲರೆದುರು ಒಂದೊಂದಾಗಿ ಕೇಳಿದರು. ಅವರ ದನಿ ಒಮ್ಮೆಯೂ ಏರಲಿಲ್ಲ. ಸುಮಾ ಮೊದಲನೆಯ ಪ್ರಶ್ನೆಗೆ ಸುಳ್ಳು ಹೇಳಿದಳು, ಎರಡನೆಯದಕ್ಕೆ ತೊದಲಿದಳು, ಮೂರನೆಯದಕ್ಕೆ ತಲೆ ಎತ್ತಿ ದೇವಿರಮ್ಮ ಎಲ್ಲಿದ್ದಾಳೆಂದು ಹುಡುಕಿದಳು.

‘ಅಮ್ಮ?’

ದೇವಿರಮ್ಮ ಎದ್ದು ನಿಂತಳು. ನಿಲ್ಲಬೇಕೆಂದು ಏಕಾಂತಯ್ಯ ಮೊದಲೇ ಹೇಳಿದ್ದರು, ಸಾಕ್ಷಿಯಿಲ್ಲದೆ ತೀರ್ಪಿಲ್ಲ. ‘ಔದು,’ ಎಂದಳು. ‘ನಂತಾವ ಅವಳೇ ಏಳವಳೆ. ಈ ಕೂಸಿಗೆ ಅಪ್ಪ ಇಲ್ಲ.’

ಮಕ್ಕಳ ಸಾಲಿನಲ್ಲಿ ಅನನ್ಯ ಬಿಳಿ ಫ್ರಾಕ್ ಹಾಕಿಕೊಂಡು ಕೂತಿದ್ದಳು. ಆ ದಿನ ಕಂಠಪಾಠದ ವಚನ ಹೇಳಲು ಅವಳ ಸರದಿ. ತನ್ನನ್ನೇ ಕರೆದರೆಂದು ತಿಳಿದು ಎದ್ದು ನಿಂತು ಕೈಜೋಡಿಸಿ ಶುರುಮಾಡಿದಳು. ಏಕಾಂತಯ್ಯ, ‘ಕೂತ್ಕೋ ಮಗು’ ಎಂದರು. ಆಮೇಲೆ, ‘ಕೂತ್ಕೋಬೇಡ, ಕೆಳಗೆ ಹೋಗು’ ಎಂದರು. ‘ನಾನೇನ್ ಮಾಡ್ದೆ ಅಂಕಲ್?’ ಎಂದಿತು ಮಗು. ಮೂಗಯ್ಯ ಎದ್ದು, ‘ಇದು ಅನ್ಯಾಯ ಕಣ್ರೀ, ಆ ಕೂಸು…’ ಎನ್ನುವಷ್ಟರಲ್ಲಿ ಅವನ ಹೆಂಡತಿ ಅಂಗಿ ಹಿಡಿದು ಎಳೆದು ಕೂರಿಸಿದಳು. ಸುಮಾ ಮಗಳ ಕೈ ಹಿಡಿದು ಮೆಟ್ಟಿಲಿಳಿದಳು. ಅವಳು ಮಾಡಿದ ರೊಟ್ಟಿಯನ್ನು ಏನು ಮಾಡಬೇಕೆಂದು ಚರ್ಚೆಯಾಗಿ, ಕೊನೆಗೆ ಹಾರ್ಡ್‌ವೇರ್ ಅಂಗಡಿಯ ನಾಯಿಗೆ ಹಾಕಿದರು.

ಜಾಗ ಖಾಲಿಯಾಯಿತು.

ಮುಂದಿನ ತಿಂಗಳ ಶನಿವಾರ ದೇವಿರಮ್ಮ ಹೆಂಚು ಇಳಿಸಿದಳು. ಬೆರಳು ಮಡಚದ ಕೈಯಲ್ಲಿ ಹಿಟ್ಟು ನಾದುವುದು ಸುಲಭವಾಗಿರಲಿಲ್ಲ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದಾಗ ಸುಮಾ ಬಾಗಿಲಲ್ಲಿ ಬಂದು ನಿಂತಳು. ವಠಾರದ ಒಡೆಯನಿಗೂ ಸುದ್ದಿ ಮುಟ್ಟಿ, ಮನೆ ಬಿಡಿಸಿದ್ದ. ಕೆಳಗೆ ರಸ್ತೆಯಲ್ಲಿ ಮೂಗಯ್ಯನ ಆಟೋ ನಿಂತಿತ್ತು. ಹೊಲಿಗೆ ಯಂತ್ರ, ಎರಡು ಚೀಲ, ಅವುಗಳ ಮೇಲೆ ಅನನ್ಯ.

‘ನಿಮ್ಮನ್ನ ಬೈಯೋಕೆ ಬಂದಿಲ್ಲ,’ ಎಂದಳು ಸುಮಾ. ‘ಅವತ್ತು ನಾನು ನಿಲ್ಲಿಸಿಬಿಟ್ಟಿದ್ನಲ್ಲ, ಅದರ ಮುಂದಿನ ವಚನ ನಿಮಗೆ ಓದೇ ಇರ್ಲಿಲ್ಲ. ಅದನ್ನ ಹೇಳಿ ಹೋಗ್ತೀನಿ. ಮೋವಾಬ್ಯರೂ ದೇವರ ಸಭೆ ಸೇರಬಾರದು, ಅವರಿಗೂ ಹತ್ತು ತಲೆಮಾರು. ಮೋವಾಬ್ಯರು ಯಾರು ಗೊತ್ತಾ ಅಮ್ಮ? ರೂತಳು. ಹೊಲದಲ್ಲಿ ತೆನೆ ಆಯ್ದ ಆ ವಿಧವೆ. ನಿಮಗೆ ಅವಳ ಕಥೆ ಎಷ್ಟು ಇಷ್ಟ! ನಾಲ್ಕು ಸಲ ಓದಿಸಿದ್ರಿ. ಅವಳ ಮರಿಮಗ ದಾವೀದ ರಾಜ. ಆ ಮನೆತನದಲ್ಲೇ ಸ್ವಾಮಿ ಹುಟ್ಟಿದ್ದು. ಏಕಾಂತಯ್ಯನೋರ ಲೆಕ್ಕದಲ್ಲಿ ದಾವೀದನೂ ಮೆಟ್ಟಿಲ ಕೆಳಗೇ ನಿಲ್ಬೇಕಿತ್ತು, ನನ್ನ ಮಗಳ ಜೊತೆ.’

ದೇವಿರಮ್ಮ ಹಿಟ್ಟು ನಾದುತ್ತಲೇ ಇದ್ದಳು. ಕೆಳಗಿನಿಂದ ಅನನ್ಯ, ‘ಅಜ್ಜೀ, ನೀನೂ ಬಾ’ ಎಂದು ಕೂಗಿದಳು. ಮನೆ ಬಿಡಬೇಕಾದದ್ದು ಯಾರಿಂದ ಎಂದು ಅವಳಿಗಿನ್ನೂ ತಿಳಿದಿರಲಿಲ್ಲ.

‘ಇಟ್ಟು ಒಣಗ್ತದೆ ಕಣವ್ವ,’ ಎಂದಳು ದೇವಿರಮ್ಮ. ‘ಬಾಗ್ಲು ಎಳ್ಕೊಂಡು ಓಗು.’

ಸುಮಾ ಬಾಗಿಲು ಎಳೆಯದೆ ಹೋದಳು. ದೇವಿರಮ್ಮ ಎದ್ದು ತಾನೇ ಎಳೆದು ಚಿಲಕ ಹಾಕಿ ಬಂದು ರೊಟ್ಟಿ ತಟ್ಟಿದಳು. ಅಂಚು ದಪ್ಪ, ನಡುವೆ ತೂತು, ಮೊದಲಿನ ಹದ ಬರಲಿಲ್ಲ. ಮರುದಿನ ಎಲ್ಲರೂ ಕಣ್ಣು ಮುಚ್ಚಿ ತಿಂದರು. ಅವಳೂ ತಿಂದಳು.

ಈಗಲೂ ಅವಳೇ ಮಾಡುತ್ತಾಳೆ. ಓದಿ ಹೇಳುವವರಿಲ್ಲ. ಮನೆಯ ಸತ್ಯವೇದದ ಮೇಲೆ ದ್ರಾಕ್ಷಿಯ ತಂಬಿಗೆ ಕೂತಿರುತ್ತದೆ. ಏಕಾಂತಯ್ಯ ಅವಳಿಗೆ ಇನ್ನೊಂದು ಕೆಲಸವನ್ನೂ ಕೊಟ್ಟಿದ್ದಾರೆ. ಮೊದಲ ಭಾನುವಾರ ಮೆಟ್ಟಿಲ ತುದಿಯಲ್ಲಿ ನಿಂತು, ಹೊಸದಾಗಿ ಬಂದ ಹೆಂಗಸರ ತೋಳು ನೋಡಿ ಒಳಗೆ ಬಿಡುವುದು. ಹೋದ ತಿಂಗಳು ನಂಜನಗೂಡಿನ ಕಡೆಯಿಂದ ಒಬ್ಬ ಮುದುಕಿ ಬಂದಿದ್ದಳು. ಗದ್ದದ ಮೇಲೆ ಮೂರು ಚುಕ್ಕಿ, ತೋಳ ತುಂಬ ರಂಗೋಲಿ. ಮಗ ಸತ್ತು ಹದಿನೈದು ದಿನವಾಗಿತ್ತಂತೆ, ಸಮಾಧಾನ ಸಿಗುತ್ತದೆ ಎಂದು ಯಾರೋ ಹೇಳಿ ಕಳಿಸಿದ್ದರು.

‘ಇಂದ್ಗಡೆ ಕೂತ್ಕೊ,’ ಎಂದಳು ದೇವಿರಮ್ಮ. ‘ತಟ್ಟೆ ಬಂದ್ರೆ ಕೈ ಚಾಚಬೇಡ.’

ಮುದುಕಿ ತಲೆಯಾಡಿಸಿ ಒಳಗೆ ಹೋಗುವಾಗ ಅವಳ ಕಣ್ಣು ದೇವಿರಮ್ಮನ ಸುಕ್ಕುಗಟ್ಟಿದ ತೋಳಿನ ಮೇಲೆ ಬಿತ್ತು. ‘ಅಯ್ಯೋ, ಇದ್ಯಾಕವ್ವ ಇಂಗಾಗದೆ? ಬೆಂಕಿ ಬಿತ್ತಾ?’ ಎಂದು ಮುಟ್ಟಲು ಹೋದಳು.

ದೇವಿರಮ್ಮ ಕೈ ಹಿಂದಕ್ಕೆಳೆದುಕೊಂಡಳು. ‘ಮುಟ್ಟಬೇಡ,’ ಎಂದಳು. ‘ರೊಟ್ಟಿ ಮಾಡೋ ಕೈ.’